ಶಾಲೆ ಇದೆ ಅಂತ ಸೀಟು ಕಿತ್ಕೊಂಡ್ರು, ಹಾಗಾದ್ರೆ ಶಾಲೆ ಎಲ್ಲಿ?

ರಾಗಿ ಒಕ್ಕಣೆ ಮುಗೀತು. ನನ್ನ ಹೊಲದಲ್ಲಿ ಎಕರೆಗೆ ಎಂಟು ಕ್ವಿಂಟಾಲ್ ಬಂತು, ಹುಲ್ಲು ಚೆನ್ನಾಗಿದೆ. ಅವರೆ ಸಾಲಿನ ಹುಳದ ವಿಚಾರ ತುಂಬಾ ಜನ ಕೇಳಿದ್ದೀರ, ಅದನ್ನ ಮುಂದಿನ ವಾರ ಬರೀತೀನಿ. ಈ ವಾರ ಬರೀಲೇಬೇಕಾದ್ದು ಬೇರೆ ಇದೆ. ನಮ್ಮ ಕಡೆ ರಾಗಿ ಮಾರೋ ತಿಂಗಳೂ ಇದೇ, ಎಲ್‌ಕೆಜಿ ಸೀಟು ಹಿಡಿಯೋ ತಿಂಗಳೂ ಇದೇ. ಎರಡೂ ಒಟ್ಟಿಗೆ ಬಂದಿರೋದ್ರಿಂದ ನಮಗೆ ಎಷ್ಟು ನಷ್ಟ ಅಂತ ಯಾರಾದ್ರೂ ಲೆಕ್ಕ ಹಾಕಿದ್ದೀರಾ? ನಾನು ಹಾಕಿದೆ.

ನನ್ನ ತಮ್ಮನ ಮಗನಿಗೆ ಎರಡು ಎಕರೆ ಖುಷ್ಕಿ. ಅವನ ಮಗಳಿಗೆ ಈಗ ನಾಲ್ಕು ವರ್ಷ. ನಮ್ಮೂರ ಎಲ್ಲೆಯೊಳಗೇ, ರೋಡಿನ ಪಕ್ಕ ಒಂದು ಪ್ರೈವೇಟ್ ಶಾಲೆ ಇದೆಯಲ್ಲ, ಅಲ್ಲಿಗೆ ಸೇರಿಸಬೇಕು ಅಂತ ಹೊರಟ. ಫೀಸು 38,000. ವ್ಯಾನು 14,000. ಪುಸ್ತಕ, ಯೂನಿಫಾರಂ, ಶೂ ಎಲ್ಲಾ ಅವರ ಹತ್ರಾನೇ ತಗೋಬೇಕು, ಅದು 9,000. ಒಟ್ಟು 61,000. ಸೀಟು ಗಟ್ಟಿ ಆಗ್ಬೇಕು ಅಂದ್ರೆ ಡಿಸೆಂಬರ್ ಮುಗಿಯೋದ್ರೊಳಗೆ 40,000 ಕಟ್ಟಬೇಕು.

2025-26ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ಇತ್ತು. ಆದ್ರೆ ಖರೀದಿ ಕೇಂದ್ರದಲ್ಲಿ ತೂಕ ಶುರುವಾಗೋದು ಜನವರಿಯಲ್ಲಿ, ದುಡ್ಡು ಖಾತೆಗೆ ಬೀಳೋದು ಇನ್ನೂ ತಡ. ಶಾಲೆಯವರು ಅಲ್ಲೀ ತನಕ ಕಾಯಲ್ಲ. ಹುಡುಗ ಕಣದಲ್ಲೇ ವ್ಯಾಪಾರಿಗೆ 3,400ರ ಹಾಗೆ ಹನ್ನೆರಡು ಕ್ವಿಂಟಾಲ್ ತೂಗಿಕೊಟ್ಟ. ಕೈಗೆ ಬಂದಿದ್ದು 40,800. ಅದೇ ರಾಗಿ ಕೇಂದ್ರಕ್ಕೆ ಹೋಗಿದ್ರೆ 58,632 ಆಗ್ತಿತ್ತು. ಹೆಚ್ಚುಕಮ್ಮಿ ಹದಿನೆಂಟು ಸಾವಿರ ಹೋಯ್ತು. ಇದಕ್ಕೆ ಶಾಲೆಯವರು ರಸೀದಿ ಕೊಡಲ್ಲ, ಆದ್ರೆ ಇದೂ ಫೀಸೇ. ಇಡೀ 61,000 ವ್ಯಾಪಾರಿ ರೇಟಲ್ಲಿ ಹೊಂದಿಸಬೇಕು ಅಂದ್ರೆ ಹದಿನೆಂಟು ಕ್ವಿಂಟಾಲ್ ಬೇಕು. ಎರಡು ಎಕರೆಯಲ್ಲಿ ಅವನಿಗೆ ಬಂದಿದ್ದೇ ಹದಿನಾರು. ಉಳುಮೆ, ಗೊಬ್ಬರ, ಕಟಾವಿನ ಮೆಷಿನ್ ಬಾಡಿಗೆ ನಾನಿನ್ನೂ ಕಳೆದೇ ಇಲ್ಲ. ಉಣ್ಣೋಕೆ ರಾಗಿ ಬೇಡ್ವಾ ಅನ್ನೋ ಮಾತನ್ನೂ ಬಿಟ್ಟಿದ್ದೀನಿ.

ದುಡ್ಡು ಕಟ್ಟಿಸ್ಕೊಳ್ಳೋಕೂ ಮುಂಚೆ ಒಂದು ಪರೀಕ್ಷೆ ಇತ್ತು. ಅವರು ಪರೀಕ್ಷೆ ಅನ್ನಲ್ಲ, ಇಂಟರಾಕ್ಷನ್ ಅಂತಾರೆ. ನಾಲ್ಕು ವರ್ಷದ ಮಗುವಿಗೆ ಬಣ್ಣದ ಹೆಸರು ಕೇಳಿದ್ರಂತೆ. ಕೆಂಪು, ಹಳದಿ, ಹಸಿರು ಅಂತ ಮಗು ಸರಿಯಾಗೇ ಹೇಳಿದೆ. 'ಇಂಗ್ಲಿಷಲ್ಲಿ ಹೇಳು ಪುಟ್ಟ' ಅಂದ್ರಂತೆ ಮೇಡಂ. ಅಲ್ಲ ತಾಯಿ, ಇಂಗ್ಲಿಷ್ ಬರಲ್ಲ ಅಂತಾನೇ ಅಲ್ವಾ ನಿಮ್ಮ ಹತ್ರ ಕರ್ಕೊಂಡು ಬಂದಿರೋದು? ಬರೋ ಮಗುವಿಗೇ ಸೀಟು ಅಂದ್ರೆ ನೀವು ಕಲಿಸೋದೇನು?

ಆಮೇಲೆ ಅಪ್ಪ ಅಮ್ಮನ ಸರದಿ. ತಾಯಿ ಎಷ್ಟು ಓದಿದಾರೆ, ಮನೇಲಿ ಹೋಂವರ್ಕ್ ಮಾಡಿಸೋರು ಯಾರು, ತಿಂಗಳ ಆದಾಯ ಎಷ್ಟು. ಹುಡುಗ ಅಲ್ಲಿಂದಾನೇ ನನಗೆ ಫೋನ್ ಮಾಡ್ದ. 'ದೊಡ್ಡಪ್ಪ, ತಿಂಗಳ ಆದಾಯ ಅಂತ ಕೇಳವ್ರೆ, ಏನಂತ ಬರೀಲಿ?' ಡೇರಿ ಬಟವಾಡೆ ಬರಿಯಪ್ಪ, ಬೇರೆ ಯಾವುದು ತಿಂಗಳು ತಿಂಗಳು ಬರುತ್ತೆ ನಮಗೆ ಅಂದೆ. ಹುಡುಗಿಯ ತಾಯಿ ಎಸ್‌ಎಸ್‌ಎಲ್‌ಸಿ ತನಕ ಓದಿದವಳು, ಸ್ತ್ರೀಶಕ್ತಿ ಸಂಘದ ಲೆಕ್ಕ ಪೂರ್ತಿ ಅವಳೇ ಬರೆಯೋದು, ಒಂದು ರೂಪಾಯಿ ಹೆಚ್ಚುಕಮ್ಮಿ ಆಗಲ್ಲ. ಆವತ್ತು ಮನೆಗೆ ಬಂದು 'ನಾನು ಓದಿಲ್ಲ ಅಂತ ಮಗೂಗೆ ಸೀಟು ಹೋಗುತ್ತೇನೋ' ಅಂತ ಅತ್ತಳು. ನಾನು ಈ ಬರಹ ಬರೆಯೋಕೆ ಕೂತಿದ್ದೇ ಆ ಮಾತು ಕೇಳಿ.

ಇನ್ನು ಕಾನೂನು ಏನು ಹೇಳುತ್ತೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ, ನಾವು ಆರ್‌ಟಿಇ ಅಂತೀವಲ್ಲ ಅದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸ್ಕೊಳ್ಳುವಾಗ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಜರಡಿ ಹಿಡಿಯೋ ಹಾಗಿಲ್ಲ, ಡೊನೇಷನ್ ತಗೊಳ್ಳೋ ಹಾಗಿಲ್ಲ. ಜರಡಿ ಹಿಡಿದ್ರೆ ಮೊದಲ ಸಲ 25,000ದ ತನಕ ದಂಡ, ಮತ್ತೆ ಮತ್ತೆ ಮಾಡಿದ್ರೆ ಪ್ರತಿ ಸಲಕ್ಕೂ 50,000ದ ತನಕ. ಡೊನೇಷನ್‌ಗೆ ತಗೊಂಡ ದುಡ್ಡಿನ ಹತ್ತರಷ್ಟರ ತನಕ ದಂಡ. ಸೀಟು ಕಮ್ಮಿ, ಮಕ್ಕಳು ಜಾಸ್ತಿ ಅಂತಾದ್ರೆ ಏನ್ ಮಾಡ್ಬೇಕು? ಚೀಟಿ ಎತ್ತಬೇಕು. ಒಂದು ಮಗುವನ್ನ ಬಿಟ್ಟು ಇನ್ನೊಂದನ್ನ ಆರಿಸೋಕೆ ಲಾಟರಿ ಬಿಟ್ಟು ಬೇರೆ ಯಾವ ದಾರಿ ಹಿಡಿದ್ರೂ ಅದು ಜರಡಿ ಅಂತಾನೇ ಕಾಯ್ದೆ ಅರ್ಥ ಕೊಟ್ಟಿದೆ. ನಮ್ಮ ರಾಜ್ಯದಲ್ಲಂತೂ ಡೊನೇಷನ್ ಬೇಡ ಅನ್ನೋಕೇ 1984ರಲ್ಲಿ ಬೇರೆ ಒಂದು ಕಾಯ್ದೆ ಬಂದಿದೆ. ನಲವತ್ತು ವರ್ಷ ಆಯ್ತು. ಈಗ ಅದಕ್ಕೆ ಬಿಲ್ಡಿಂಗ್ ಫಂಡ್ ಅಂತ ಹೆಸರು.

ಇಲ್ಲೊಂದು ಕಿಂಡಿ ಇದೆ, ಶಾಲೆಯವರಿಗೆ ಅದು ಚೆನ್ನಾಗಿ ಗೊತ್ತು. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅಂತ ಬಂದದ್ದು. ಅದಕ್ಕೇ ಇವರು ಜರಡಿ ಹಿಡಿಯೋದು ಒಂದನೇ ಕ್ಲಾಸಿನ ಬಾಗಿಲಲ್ಲಿ ಅಲ್ಲ, ಎಲ್‌ಕೆಜಿ ಬಾಗಿಲಲ್ಲಿ. ನಾಲ್ಕು ವರ್ಷಕ್ಕೇ ಆರಿಸ್ಕೊಂಡು ಬಿಟ್ರೆ ಒಂದನೇ ಕ್ಲಾಸಿಗೆ 'ಸೀಟೇ ಇಲ್ಲ, ಯುಕೆಜಿ ಮಕ್ಕಳಿಗೇ ಸಾಕಾಗಿಲ್ಲ' ಅಂತ ಹೇಳಬಹುದು.

ಸೀಟಿಲ್ಲ ಅನ್ನೋ ಮಾತು ಎಷ್ಟು ನಿಜ ಅನ್ನೋದನ್ನೂ ನೋಡಿ. ತಾಲ್ಲೂಕು ಪೇಟೆಯಲ್ಲಿ ಒಂದೆರಡು ಶಾಲೆಗೆ ನಿಜವಾಗ್ಲೂ ಕ್ಯೂ ಇದೆ, ಅಲ್ಲಿ ಆಫೀಸರ್ ಮಕ್ಕಳು, ಮಂಡಿ ಸಾಹುಕಾರರ ಮಕ್ಕಳು ಮೊದಲು. ಆದ್ರೆ ನಮ್ಮ ರೋಡಿನ ಶಾಲೆಗಳದ್ದು ಹಾಗಲ್ಲ. ಡಿಸೆಂಬರಲ್ಲಿ 'ಕೆಲವೇ ಸೀಟುಗಳು ಬಾಕಿ' ಅಂತ ಬ್ಯಾನರ್ ಕಟ್ತಾರೆ, ಜೂನಲ್ಲಿ ಅದೇ ಶಾಲೆಯ ಆಟೋ ಮೈಕ್ ಹಾಕ್ಕೊಂಡು ಊರೂರು ಸುತ್ತುತ್ತೆ, ದಾಖಲಾತಿ ನಡೆಯುತ್ತಿದೆ ಅಂತ. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು, 'ಆ ಕಡೆಯವರು ಇನ್ನೂ ಎರಡು ಸಾವಿರ ಜಾಸ್ತಿ ಅಂತವ್ರೆ' ಅಂತ ಕಿವೀಲಿ ಹೇಳ್ತಾನಲ್ಲ, ಅದೇ ಆಟ. ಹೋರಿ ವ್ಯಾಪಾರದಲ್ಲಿ ಇದಕ್ಕೆ ನಾವು ಬೀಳಲ್ಲ. ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡೆಸಿ ನೋಡ್ತೀವಿ. ಶಾಲೆಯಲ್ಲಿ ಮೇಷ್ಟ್ರು ಯಾರು, ಏನು ಓದಿದಾರೆ, ಎಷ್ಟು ಸಂಬಳ, ಕಳೆದ ವರ್ಷ ಇದ್ದವರು ಈ ವರ್ಷ ಇದಾರಾ ಅಂತ ಒಬ್ಬರೂ ಕೇಳಲ್ಲ. ನಮ್ಮ ಪಕ್ಕದ ಬೀದಿಯ ಹುಡುಗಿ ಬಿಎ ಮುಗಿಸಿ ಅಂಥಾ ಒಂದು ಶಾಲೆಯಲ್ಲಿ ತಿಂಗಳಿಗೆ ಒಂಬತ್ತು ಸಾವಿರಕ್ಕೆ ಪಾಠ ಮಾಡ್ತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಜಾಸ್ತಿ ಕೊಡ್ತಾರೆ ಅಂತ ಬಿಟ್ಟುಹೋದಳು. ಅವಳ ಕ್ಲಾಸಿಗೆ ಆಮೇಲೆ ಯಾರು ಬಂದ್ರೋ.

ಇಷ್ಟು ಹೇಳಿದ್ಮೇಲೆ ಅಸಲು ವಿಷಯಕ್ಕೆ ಬರ್ತೀನಿ. ಪ್ರೈವೇಟ್ ಶಾಲೆಯವರನ್ನ ಬೈದು ಕೂತ್ರೆ ಪ್ರಯೋಜನ ಇಲ್ಲ, ಅವರು ವ್ಯಾಪಾರಕ್ಕೆ ಕೂತವರು. ನನಗೆ ಸಿಟ್ಟಿರೋದು ಸರ್ಕಾರದ ಮೇಲೆ, ಅದರಲ್ಲೂ ಒಂದು ತಿದ್ದುಪಡಿ ಮೇಲೆ.

ಆರ್‌ಟಿಇ ಪ್ರಕಾರ ಪ್ರೈವೇಟ್ ಶಾಲೆಗಳು ಶುರುವಿನ ಕ್ಲಾಸಲ್ಲಿ ನೂರಕ್ಕೆ 25 ಸೀಟನ್ನ ಅಕ್ಕಪಕ್ಕದ ಬಡ, ಹಿಂದುಳಿದ ಮನೆ ಮಕ್ಕಳಿಗೆ ಕೊಡಬೇಕಿತ್ತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಮಾತ್ರ ಬಿಡುವು. ಫೀಸು ಸರ್ಕಾರ ತುಂಬಿಕೊಡ್ತಿತ್ತು, ಎಲ್‌ಕೆಜಿಗೆ ವರ್ಷಕ್ಕೆ 8,000, ಒಂದನೇ ಕ್ಲಾಸಿಗೆ 16,000ದ ತನಕ. ಕರ್ನಾಟಕದಲ್ಲಿ 2012-13ರಿಂದ ಇದು ನಡೀತು. ನಮ್ಮೂರಿನ ನಾಲ್ಕೈದು ಮಕ್ಕಳು ಹೀಗೇ ಸೇರಿ ಓದಿದವರು, ಅದರಲ್ಲಿ ಒಬ್ಬ ಕೂಲಿ ಮಾಡೋರ ಮಗ. 2019ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ತಿದ್ದಿತು. ಆ ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ರೆ, ಅಲ್ಲಿನ ಪ್ರೈವೇಟ್ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಅಂತ. ಹೈಕೋರ್ಟಿಗೆ ಹೋದ್ರು, ಅದೇ ವರ್ಷ ಹೈಕೋರ್ಟೂ ಸರ್ಕಾರ ಮಾಡಿದ್ದು ಸರಿ ಅಂತು. ರಾಜ್ಯದಲ್ಲಿ ಒಂದೂವರೆ ಲಕ್ಷದ ಹತ್ರ ಇದ್ದ ಉಚಿತ ಸೀಟು ಒಂದೇ ವರ್ಷಕ್ಕೆ ಇಪ್ಪತ್ತು ಸಾವಿರದ ಒಳಗೆ ಬಂತು.

ಸರ್ಕಾರ ಹೇಳಿದ ಕಾರಣ ಏನು? ಸಾರ್ವಜನಿಕರ ದುಡ್ಡು ಪ್ರೈವೇಟ್ ಶಾಲೆಗೆ ಹೋಗ್ತಿದೆ, ಸರ್ಕಾರಿ ಶಾಲೆ ಖಾಲಿ ಆಗ್ತಿದೆ ಅಂತ. ಆ ವಾದದಲ್ಲಿ ಹುರುಳಿಲ್ಲ ಅನ್ನಲ್ಲ ನಾನು. ನಿಜವಾಗ್ಲೂ ಖಾಲಿ ಆಗ್ತಿತ್ತು. ಆದ್ರೆ ಆ ಮಾತು ಆಡಿದವರು ಇನ್ನೊಂದು ಮಾತೂ ಉಳಿಸ್ಕೋಬೇಕಿತ್ತು. 'ನಿಮ್ಮೂರಲ್ಲಿ ಶಾಲೆ ಇದೆ, ಅದಕ್ಕೇ ಉಚಿತ ಸೀಟು ಇಲ್ಲ' ಅಂದ ಮೇಲೆ ನಮ್ಮೂರಲ್ಲಿ ಶಾಲೆ ಇರಬೇಕು. ಉಳಿದ ಆ ದುಡ್ಡು ನಮ್ಮ ಶಾಲೆಗೆ ಬರಬೇಕಿತ್ತು. ಬಂತಾ?

ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ 19 ಮಕ್ಕಳು, ಒಂದರಿಂದ ಐದು. ಕಾಯಂ ಶಿಕ್ಷಕರು ಒಬ್ಬರು. ಅತಿಥಿ ಶಿಕ್ಷಕಿ ಜುಲೈ ಕಳೆದ ಮೇಲೆ ಬಂದ್ರು. ಕಾಯ್ದೆಯ ಪ್ರಕಾರ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಕ್ಲಾಸು ಐದಿದ್ರೂ ಅಷ್ಟೇ, ಲೆಕ್ಕ ಮಕ್ಕಳ ತಲೆ ಮೇಲೆ. ಆ ಒಬ್ಬ ಮೇಷ್ಟ್ರು ಒಳ್ಳೆಯವರು, ಕಲಿಸೋಕೆ ಆಸೆ ಇದೆ. ಆದ್ರೆ ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಕಂಪ್ಯೂಟರಿಗೆ ತುಂಬೋ ಮಾಹಿತಿ, ಕ್ಲಸ್ಟರ್ ಮೀಟಿಂಗು, ಮತದಾರರ ಪಟ್ಟಿ ಎಲ್ಲಾ ಅವರದ್ದೇ. 2025ರಲ್ಲಿ ಸಮೀಕ್ಷೆಗೆ ಶಿಕ್ಷಕರನ್ನ ಮನೆ ಮನೆಗೆ ಕಳಿಸಿದ್ರು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರ ತನಕ ಎಳೀತು. ಆಗ ನಮ್ಮೂರ ಮುಂದೆ ಪ್ರೈವೇಟ್ ವ್ಯಾನು ದಿನಾ ಓಡಾಡ್ತಿತ್ತು, ನಮ್ಮ ಶಾಲೆ ಗೇಟಿಗೆ ಬೀಗ. ಅದನ್ನ ನೋಡ್ಕೊಂಡು ಕೂತ ತಾಯಂದಿರಿಗೆ 'ಸರ್ಕಾರಿ ಶಾಲೆಗೇ ಕಳಿಸಿ' ಅಂತ ಯಾವ ಬಾಯಲ್ಲಿ ಹೇಳೋದು?

ಸೀಟು ಕೊಡದೇ ಇರೋಕೆ ಆ ಶಾಲೆ ಲೆಕ್ಕಕ್ಕಿದೆ. ಮೇಷ್ಟ್ರನ್ನ ಕೊಡೋ ಹೊತ್ತಿಗೆ ಲೆಕ್ಕಕ್ಕಿಲ್ಲ. ಮಕ್ಕಳು ಇನ್ನೂ ನಾಲ್ಕು ಕಮ್ಮಿ ಆದ್ರೆ ವಿಲೀನ ಅಂತಾರೆ. ಆಗ ಶಾಲೆಯೂ ಇಲ್ಲ, ಸೀಟೂ ಇಲ್ಲ.

ಇನ್ನೊಂದು ವಿಷಯ. ಹೇಳಿದ್ರೆ ಕೆಲವರಿಗೆ ಕೋಪ ಬರುತ್ತೆ, ಬರಲಿ. ಆ 19 ಮಕ್ಕಳಲ್ಲಿ 13 ಹೆಣ್ಣುಮಕ್ಕಳು. ಒಂದೇ ಮನೆಯಿಂದ ಅಣ್ಣ ವ್ಯಾನು ಹತ್ತುತ್ತಾನೆ, ತಂಗಿ ಚೀಲ ಹಿಡ್ಕೊಂಡು ನಡ್ಕೊಂಡು ಹೋಗ್ತಾಳೆ. ಅಂಥ ಮೂರು ಮನೆ ನಮ್ಮ ಬೀದಿಯಲ್ಲೇ ಇದೆ. ಉಳಿದವರು ಹೆಚ್ಚಿನವರು ಕಾಲೋನಿಯ ಮಕ್ಕಳು, ಮತ್ತೆ ತೋಟ ಕಾಯೋಕೆ ಬೇರೆ ಕಡೆಯಿಂದ ಬಂದವರ ಮಕ್ಕಳು. ಅಂದ್ರೆ 25 ಸೀಟು ಯಾರಿಗೆ ಅಂತ ಇಟ್ಟಿದ್ರೋ ಅವರೇ ಅಲ್ಲಿ ಉಳಿದಿರೋದು. ಉಚಿತ ಸೀಟು ಹೋದಾಗ ಜಮೀನಿದ್ದ ನಾವು ರಾಗಿ ಮಾರಿ, ಸೊಸೈಟಿ ಸಾಲ ಎತ್ತಿ, ಕೊಬ್ಬರಿ ರೇಟು ಬಂದ ವರ್ಷ ಕೊಬ್ಬರಿ ಮಾರಿ ಹೇಗೋ ವ್ಯಾನು ಹತ್ತಿಸಿದ್ವಿ. ಮಾರೋಕೆ ಏನೂ ಇಲ್ಲದವರ ಮಕ್ಕಳ ಬಗ್ಗೆ ಪಂಚಾಯ್ತಿ ಕಟ್ಟೆಯಲ್ಲಿ ಒಂದು ದಿನ ಮಾತು ಬಂದಿಲ್ಲ. ಬೋರ್‌ವೆಲ್ಲಿಗೆ ಕರೆಂಟು ಮೂರು ತಾಸು ಕಮ್ಮಿ ಆದ್ರೆ ಕೆಇಬಿ ಮುಂದೆ ಟ್ರ್ಯಾಕ್ಟರ್ ನಿಲ್ಲಿಸ್ತೀವಿ. ಶಾಲೆಗೆ ಮೇಷ್ಟ್ರು ಕಮ್ಮಿ ಆದಾಗ ಯಾರು ಟ್ರ್ಯಾಕ್ಟರ್ ತೆಗೆದ್ರು?

'ಸರ್ಕಾರಿ ಶಾಲೆ ಅಂದ್ರೆ ಜನಕ್ಕೆ ನಂಬಿಕೆ ಇಲ್ಲ, ಏನ್ ಮಾಡಿದ್ರೂ ಬರಲ್ಲ' ಅಂತ ಹೇಳೋರಿದಾರೆ. ಸುಳ್ಳು. 2019ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಮಾಧ್ಯಮ ಶುರು ಮಾಡಿದ್ರು, ಕ್ಲಾಸಿಗೆ 30 ಮಕ್ಕಳು ಅಂತ ಮಿತಿ ಇಟ್ರು. ಎಷ್ಟೋ ಕಡೆ ಅದಕ್ಕೇ ಕ್ಯೂ ನಿಂತ್ರು. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡಲ್ಲಿರೋ ಕೆಪಿಎಸ್ ಶಾಲೆಗಳಿಗೆ ಈಗ್ಲೂ ಸೀಟಿಗೆ ಶಿಫಾರಸು ಹಿಡಿಯೋರಿದಾರೆ. ಜನ ಹುಡುಕೋದು ಪ್ರೈವೇಟ್ ಅನ್ನೋ ಬೋರ್ಡ್ ಅಲ್ಲ. ಹತ್ತಿರದಲ್ಲೇ ಎಲ್‌ಕೆಜಿ ಇರಬೇಕು, ಕ್ಲಾಸಿಗೊಬ್ಬ ಮೇಷ್ಟ್ರು ಇರಬೇಕು, ನಾಲ್ಕು ಅಕ್ಷರ ಇಂಗ್ಲಿಷ್ ಬರಬೇಕು, ಬೀಗ ಹಾಕಿರಬಾರದು. ಇಷ್ಟೇ ಕೇಳೋದು. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಅನ್ನೋ ಜಗಳ ದೊಡ್ಡವರು ಪೇಪರಲ್ಲಿ ಆಡಲಿ. ನನ್ನ ಮಟ್ಟಿಗೆ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದೋಕೆ, ಲೆಕ್ಕ ಮಾಡೋಕೆ ಬರಲಿ, ಜೊತೆಗೆ ಇಂಗ್ಲಿಷನ್ನ ಒಬ್ಬ ಬಲ್ಲವರು ಕಲಿಸಲಿ. ಒಪ್ಪದವರು ಒಪ್ಪಬೇಡಿ. ಆದ್ರೆ ಯಾವ ಮಾಧ್ಯಮ ಆದ್ರೂ ಕಲಿಸೋಕೆ ಆಳು ಬೇಕಲ್ಲಪ್ಪ.

'ನಿಮ್ಮ ಮಾತು ಕೇಳಿ ನಮ್ಮ ಮಗುವನ್ನ ಈ ವರ್ಷಾನೇ ಸರ್ಕಾರಿ ಶಾಲೆಗೆ ಹಾಕಿದ್ರೆ, ಮೇಷ್ಟ್ರು ಬರದೇ ಹೋದ್ರೆ ಯಾರು ಜವಾಬ್ದಾರಿ' ಅಂತ ತಮ್ಮನ ಮಗನೇ ಕೇಳಿದ. ನ್ಯಾಯವಾದ ಮಾತು. ಒಬ್ಬೊಬ್ಬರೇ ಮಗುವನ್ನ ಪಣಕ್ಕಿಡಿ ಅಂತ ನಾನು ಹೇಳಲ್ಲ. ವ್ಯಾನು ಹತ್ತಿಸಿದವರನ್ನ ಬೈಯೋದೂ ಇಲ್ಲ. ಆದ್ರೆ ವ್ಯಾನು ಹತ್ತಿಸಿದವರೂ ಈ ಅರ್ಜಿಗೆ ಸಹಿ ಹಾಕಬೇಕು. ಯಾಕಂದ್ರೆ ಊರ ಶಾಲೆ ಗಟ್ಟಿ ಇದ್ದಾಗಲೇ ರೋಡಿನ ಶಾಲೆಯವರು ಫೀಸು ಏರಿಸೋಕೆ ಹೆದರೋದು. ಬೇರೆ ದಾರಿ ಇಲ್ಲ ಅಂತ ಅವರಿಗೆ ಗೊತ್ತಾದ ದಿನ 61,000 ಹೋಗಿ 80,000 ಆಗುತ್ತೆ. ಡೇರಿ ಇಲ್ಲದ ಊರಲ್ಲಿ ಹಾಲಿನ ರೇಟು ಯಾರು ನಿಗದಿ ಮಾಡ್ತಿದ್ರು ಅಂತ ನಮ್ಮ ಅಪ್ಪಂದಿರನ್ನ ಕೇಳಿ.

ಅರ್ಜಿಯಲ್ಲಿ ಇರೋದು ಇಷ್ಟು. ಸರ್ಕಾರಿ ಶಾಲೆ ಇದೆ ಅಂತ ಹೇಳಿ ನಮ್ಮ ಗ್ರಾಮದ ಮಕ್ಕಳ 25ರ ಸೀಟು ತೆಗೆದಿದ್ದೀರ. ಹಾಗಾಗಿ ಬರೋ ಜೂನ್ ಒಳಗೆ ನಮ್ಮ ಶಾಲೆಗೆ ಇನ್ನೊಬ್ಬ ಕಾಯಂ ಶಿಕ್ಷಕರು, ಮತ್ತೆ ಶಾಲೆಯಲ್ಲೇ ಎಲ್‌ಕೆಜಿ, ಯುಕೆಜಿ ಬೇಕು. ಕಲ್ಯಾಣ ಕರ್ನಾಟಕದಲ್ಲಿ 2024ರಲ್ಲೇ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗೆ ಎಲ್‌ಕೆಜಿ ಕೊಟ್ಟಿದ್ದಾರೆ, ನಮಗೆ ಯಾಕಿಲ್ಲ? ಅಂಗನವಾಡಿ ಕಾರ್ಯಕರ್ತೆ ನನ್ನ ಹತ್ರ ಬಂದು 'ನಮ್ಮ ಕೆಲಸ ಹೋಗುತ್ತಣ್ಣ' ಅಂದ್ರು. ಅವರ ಭಯ ಸುಳ್ಳಲ್ಲ, ಅದಕ್ಕೇ ಅವರನ್ನೂ ಸೇರಿಸ್ಕೊಂಡೇ ಮಾಡಿ ಅಂತ ಬರೆದಿದ್ದೀವಿ. ಅತಿಥಿ ಶಿಕ್ಷಕರು ಶಾಲೆ ಶುರುವಾದ ದಿನವೇ ಬರಬೇಕು. ಇದು ಯಾವುದೂ ಆಗಲ್ಲ ಅಂದ್ರೆ 2019ರ ತಿದ್ದುಪಡಿ ವಾಪಸ್ ತಗೊಂಡು ರೋಡಿನ ಶಾಲೆಯಲ್ಲಿ 25ರ ಸೀಟು ಮತ್ತೆ ಕೊಡಿ. ಎರಡರಲ್ಲಿ ಒಂದು. ಎರಡನ್ನೂ ಕಿತ್ಕೊಳ್ಳೋ ಹಾಗಿಲ್ಲ.

ಎಸ್‌ಡಿಎಂಸಿ ಬಗ್ಗೆಯೂ ಒಂದು ಮಾತು. ಕಾಯ್ದೆ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಮ್ಮಲ್ಲಿ ಅದು ಪಾರ್ಟಿ ಹುಡುಗರಿಗೆ ಸಮಾಧಾನಕ್ಕೆ ಕೊಡೋ ಕುರ್ಚಿ ಆಗಿದೆ. ಈ ಸಲ ಆ 13 ಹೆಣ್ಣುಮಕ್ಕಳ ತಾಯಂದಿರು ಬರಲಿ. ಸಂಘದ ಲೆಕ್ಕ ಬರೆಯೋರಿಗೆ ಶಾಲೆಯ ಲೆಕ್ಕ ಕೇಳೋದು ಕಷ್ಟವೇನಲ್ಲ.

ರೋಡಿನ ಶಾಲೆಯ ಬಗ್ಗೆ ಬೇರೆ ಅರ್ಜಿ ಇದೆ, ಬಿಇಒ ಸಾಹೇಬರಿಗೆ. ಒಂದನೇ ಕ್ಲಾಸಿಗೆ ಪರೀಕ್ಷೆ ಮಾಡಿದ್ದು, ಫೀಸಿನ ಪಟ್ಟಿ ಗೋಡೆಗೆ ಹಾಕದೇ ಇರೋದು, ರಸೀದಿ ಇಲ್ಲದೆ ತಗೊಂಡ ದುಡ್ಡು. ಯಾರ ಹತ್ರ ಏನಿದೆ, ಮೆಸೇಜು, ಚೀಟಿ, ಅರ್ಜಿ ಫಾರಂ, ಎಲ್ಲಾ ಜೋಪಾನ ಮಾಡಿ. ಮಗುವಿಗೆ ತೊಂದರೆ ಆಗುತ್ತೆ ಅಂತ ಭಯ ಇದ್ದವರು ಹೆಸರು ಕೊಡಬೇಡಿ, ಫಾರಂ ಜೆರಾಕ್ಸ್ ಕೊಟ್ರೆ ಸಾಕು.

ಗ್ರಾಮಸಭೆ ಈ ತಿಂಗಳ ಕೊನೆಯಲ್ಲಿದೆ, ದಿನ ಗೊತ್ತಾದ ತಕ್ಷಣ ಇಲ್ಲೇ ಹಾಕ್ತೀನಿ. ಸಹಿಗೆ ಬೆಳಗ್ಗೆ ಆರೂವರೆಯಿಂದ ಎಂಟರ ತನಕ ಡೇರಿ ಹತ್ರ ಇರ್ತೀನಿ. ಅಕ್ಕಪಕ್ಕದ ಊರಿನವರು ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು, ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದ್ರು ಅನ್ನೋದನ್ನ ಒಂದು ಹಾಳೆಯಲ್ಲಿ ಬರ್ಕೊಂಡು ಬನ್ನಿ. ಖರೀದಿ ಕೇಂದ್ರಕ್ಕೆ ರಾಗಿ ನೋಂದಣಿ ಮಾಡಿಸಿರೋರು ದಯವಿಟ್ಟು ಹತ್ತು ದಿನ ತಡೀರಿ, ಕಣದಲ್ಲೇ ಮಾರಬೇಡಿ. ಶಾಲೆಯವರು ಕೇಳಿದ್ರೆ ರಾಗಿ ದುಡ್ಡು ಬಂದ ಮೇಲೆ ಕಟ್ತೀನಿ ಅಂತ ಹೇಳಿ. ಸೀಟು ಎಲ್ಲೂ ಓಡಿಹೋಗಲ್ಲ, ಜೂನಲ್ಲಿ ಅವರ ಆಟೋನೇ ನಿಮ್ಮ ಮನೆ ಮುಂದೆ ಬರುತ್ತೆ.